ಹೊಳೆಯೋ ಹಳೇ ಏರ್‌ಸ್ಟ್ರೀಮ್ ತಗೊಳ್ಳೋಕೆ ಮುಂಚೆ ಅದ್ರ ಬಂಪರ್ ಮೇಲೆ ಒಂದ್ಸಲ ಹತ್ತಿ ನಿಂತು ನೋಡಿ

ಏರ್‌ಸ್ಟ್ರೀಮ್ ಅನ್ನೋ ಕಂಪನಿಯ ಹಳೇ ಅಲ್ಯುಮಿನಿಯಂ ಟ್ರೇಲರ್ (ಗಾಡಿ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಮನೆ) ತಗೊಂಡು ಮನೇಲೇ ರಿಪೇರಿ ಮಾಡ್ಕೊಂಡು ಮಕ್ಕಳನ್ನ ಕರ್ಕೊಂಡು ನ್ಯಾಷನಲ್ ಪಾರ್ಕ್ ಸುತ್ತೋಣ ಅಂತ ಪ್ಲಾನ್ ಇರೋ ಅಮೆರಿಕಾ ಕನ್ನಡಿಗರು ದಯವಿಟ್ಟು ದುಡ್ಡು ಕಳ್ಸೋಕೆ ಮುಂಚೆ ಇದನ್ನ ಪೂರ್ತಿ ಓದಿ. ನಾನು ಹೇಳ್ತಿರೋದು ಇಷ್ಟೇ, "ಫುಲ್ಲಿ ರೆನೊವೇಟೆಡ್" ಅಂತ ಹಾಕಿ ಮಾರೋ ಟ್ರೇಲರ್‌ಗಿಂತ ಇಲಿ ಹಿಕ್ಕೆ ಸಮೇತ ಯಾರದೋ ಹೊಲದಲ್ಲಿ ಹಂಗೇ ಬಿದ್ದಿರೋ ಗಲೀಜು ಟ್ರೇಲರೇ ವಾಸಿ. ಗಲೀಜು ಗಾಡೀಲಿ ಏನೇನು ಹಾಳಾಗಿದೆ ಅಂತ ಕಣ್ಣಿಗೆ ಕಾಣ್ಸುತ್ತೆ, ರೆನೊವೇಟ್ ಮಾಡಿರೋದ್ರಲ್ಲಿ ಅದೇ ಹಾಳು ಬಿಳಿ ಬಣ್ಣದ ಕೆಳಗೆ ಇರುತ್ತೆ, ಮತ್ತೆ ಆ ಬಣ್ಣಕ್ಕೂ ಸೇರಿಸಿ ನೀವೇ ದುಡ್ಡು ಕೊಟ್ಟಿರ್ತೀರಿ.

ನಾವಿರೋದು ಓಹಾಯೋದಲ್ಲಿ, ಡೇಟನ್ ಕಡೆ. ಏರ್‌ಸ್ಟ್ರೀಮ್ ಫ್ಯಾಕ್ಟ್ರಿ ಇರೋ ಜಾಕ್ಸನ್ ಸೆಂಟರ್ ನಮಗೆ ಹತ್ರಾನೇ, 1952ರಿಂದ ಅಲ್ಲೇ ಮಾಡ್ತಿರೋದು. ಫ್ಯಾಕ್ಟ್ರಿ ಟೂರ್‌ಗೆ ಹೋಗಿ ಬಂದವರಿಗೆ ಈ ಹುಚ್ಚು ಹಿಡಿಯದೇ ಇರಲ್ಲ ಬಿಡಿ. ಆದ್ರೆ ಹೊಸದು, ಅದ್ರಲ್ಲೂ ದೊಡ್ಡದು ಬೇಕಂದ್ರೆ ಲಕ್ಷ ಡಾಲರ್ ದಾಟುತ್ತೆ, ಹಂಗಾಗಿ ಎಲ್ರೂ ಬಂದು ನಿಲ್ಲೋದು 60-70ರ ದಶಕದ ಹಳೇ ಗಾಡಿಗಳ ಹತ್ರ. ನಾವು ತಗೊಂಡಿದ್ದು 1972ರ ಸಾವರಿನ್ ಅನ್ನೋ ಏರ್‌ಸ್ಟ್ರೀಮ್ ಮಾಡೆಲ್, 31 ಅಡಿ ಉದ್ದದ್ದು, ಪಕ್ಕದ ರಾಜ್ಯದ ಒಬ್ಬನ ಹತ್ರ, 18,500 ಡಾಲರ್‌ಗೆ. ಇಂಥ ಗಾಡಿಗಳನ್ನ ಕಡಿಮೆಗೆ ತಂದು ಒಂದೆರಡು ತಿಂಗಳಲ್ಲಿ ಅಲಂಕಾರ ಮಾಡಿ ಮಾರೋದೇ ಅವನ ಕಸುಬು. ಹೊರಗಡೆ ಕನ್ನಡಿ ತರ ಪಾಲಿಶ್, ಒಳಗಡೆ ಎಲ್ಲಾ ಬಿಳಿ ಬಣ್ಣ, ಅಡುಗೆಮನೆ ಗೋಡೆಗೆ ಅಂಟಿಸೋ ಟೈಲ್ಸು, ಮರದ ಕೌಂಟರ್, ನೆಲಕ್ಕೆ ಹೊಸಾ ವಿನೈಲ್ ಪ್ಲ್ಯಾಂಕು, ಕಿಟಕಿಗೆ ಲಿನನ್ ಕರ್ಟನ್ನು, ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿರ್ತೀರಲ್ಲ ಥೇಟ್ ಅದೇ. "ಫ್ರೇಮ್ ಕಲ್ಲು ಇದ್ದಂಗಿದೆ, ಆಕ್ಸಲ್ ಹೊಸದು, ಎಲ್ಲೂ ಲೀಕ್ ಇಲ್ಲ" ಅಂತ ಮೆಸೇಜ್‌ನಲ್ಲೇ ಬರೆದು ಕೊಟ್ಟಿದ್ದ.

ನಾವು ಫೆಬ್ರವರೀಲಿ ನೋಡೋಕೆ ಹೋದಾಗ ಗಾಡಿಯ ಹಿಂಭಾಗನ ಶೆಡ್ ಗೋಡೆಗೆ ಒತ್ತಿ ನಿಲ್ಲಿಸಿ ಬಂಪರ್ ಮೇಲೆ ಸೌದೆ ಪೇರಿಸಿಟ್ಟಿದ್ದ. ಕೆಳಗಡೆ ಹಿಮ. ಚಳಿಗಾಲದಲ್ಲಿ ಲೀಕ್ ಗೊತ್ತಾಗಲ್ಲ, ಹಿಂದಗಡೆ ನಿಂತು ನೋಡೋಕೆ ಜಾಗ ಇಲ್ಲ, ಕೆಳಗೆ ತೂರೋಕೆ ಆಗಲ್ಲ. ಇದೆಲ್ಲ ಕಾಕತಾಳೀಯ ಅಂತ ನಾನಂತೂ ಈಗ ನಂಬಲ್ಲ.

ಏಪ್ರಿಲ್‌ನಲ್ಲಿ ಮೊದಲನೇ ಜೋರು ಮಳೆ ಬಂದಾಗ ಹಿಂದಿನ ಬಾತ್‌ರೂಮ್ ಮೂಲೇಲಿ ನೀರು. ಅದೇ ಟೈಮ್‌ಗೆ ನಮ್ಮಪ್ಪ ಬೆಂಗಳೂರಿಂದ ಬಂದ್ರು. ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವ್ರು, ಅಲ್ಯುಮಿನಿಯಂ ಶೀಟು, ಅದನ್ನ ಜೋಡಿಸೋ ರಿವೆಟ್ಟು ಅಂದ್ರೆ ಅವ್ರಿಗೆ ನೀರು ಕುಡಿದಷ್ಟು ಸಲೀಸು, ಮತ್ತೆ ಈ ಟ್ರೇಲರ್ ಕಟ್ಟೋ ರೀತಿನೂ ಹೆಚ್ಚು ಕಮ್ಮಿ ವಿಮಾನದ್ದೇ, ಒಳಗೆ ಪಕ್ಕೆಲುಬು ತರ ರಿಬ್ಸು, ಅದ್ರ ಮೇಲೆ ಅಲ್ಯುಮಿನಿಯಂ ಹೊದಿಕೆ, ಆ ಹೊದಿಕೆನೂ ಭಾರ ಹೊರುತ್ತೆ. ಗಾಡಿ ಸುತ್ತ ಒಂದು ರೌಂಡ್ ಹಾಕಿದವ್ರೇ ಹಿಂದಗಡೆ ನಿಂತು "ಯಾರೇ ಇದನ್ನ ಮಾಡಿದ್ದು? ಬಕ್ ರಿವೆಟ್ ಇರ್ಬೇಕಾದ್ ಜಾಗದಲ್ಲಿ ಪಾಪ್ ರಿವೆಟ್ ಹೊಡೆದವ್ನಲ್ಲ" ಅಂದ್ರು. ಹೊರಗಿನ ಶೀಟಿಗೆ ಇರ್ಬೇಕಾದ್ದು ಗಟ್ಟಿ ರಿವೆಟ್ಟು, ಅದನ್ನೇ ಬಕ್ ರಿವೆಟ್ ಅನ್ನೋದು, ಹೊರಗಿಂದ ಒಬ್ಬರು ಗನ್ ಹಿಡಿದು ಹೊಡೀಬೇಕು ಒಳಗಿಂದ ಇನ್ನೊಬ್ಬರು ಕಬ್ಬಿಣದ ತುಂಡು ಒತ್ತಿ ಹಿಡೀಬೇಕು, ಅಂದ್ರೆ ಒಳಗಿನ ಶೀಟು ಬಿಚ್ಚದೇ ಆ ಕೆಲ್ಸ ಆಗೋದೇ ಇಲ್ಲ. ಮಧ್ಯದಲ್ಲಿ ತೂತು ಇರೋ ಪಾಪ್ ರಿವೆಟ್ಟು ಹೊರಗಡೆ ಸಾಲಾಗಿ ಕಂಡ್ರೆ ಯಾರೋ ಒಳಗೆ ಬಿಚ್ಚಿ ನೋಡದೇ ಹೊರಗಿಂದಾನೇ ತೇಪೆ ಹಾಕಿದಾರೆ ಅಂತ ಅರ್ಥ. ಅದಕ್ಕೆ ಅಂತಾನೇ ಒಲಿಂಪಿಕ್ ರಿವೆಟ್ ಅಂತ ಬರುತ್ತೆ, ಹೊರಗಿಂದಾನೇ ಹಾಕಿ ತಲೆ ನುಣ್ಣಗೆ ಮಾಡಬಹುದು, ಅದೂ ಅಲ್ಲ, ಇದು ಹಾರ್ಡ್‌ವೇರ್ ಅಂಗಡಿಯ ಅಗ್ಗದ ಪಾಪ್ ರಿವೆಟ್ಟು.

ಆಮೇಲೆ ನನ್ ಗಂಡನ್ನ ಬಂಪರ್ ಮೇಲೆ ನಿಂತು ಮೆಲ್ಲಗೆ ಕುಣಿ ಅಂದ್ರು. ಬಂಪರ್ ಇಳೀತು, ಬಾಡಿ ಇದ್ದಲ್ಲೇ ಇತ್ತು. ಮಧ್ಯದಲ್ಲಿ ಬೆರಳು ತೂರೋಷ್ಟು ಸಂದು.

ಇದು ಯಾಕೆ ಇಷ್ಟು ದೊಡ್ಡ ವಿಷ್ಯ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಗೊತ್ತಿಲ್ಲದವರು ಇದನ್ನ ಸಣ್ಣ ಗ್ಯಾಪು, ಸೀಲೆಂಟ್ ಹಾಕಿದ್ರೆ ಆಯ್ತು ಅನ್ಕೋತಾರೆ. ಕೆಳಗೆ ಸ್ಟೀಲ್ ಫ್ರೇಮು, ಅದ್ರ ಮೇಲೆ ಪ್ಲೈವುಡ್ ನೆಲ, ಅದ್ರ ಮೇಲೆ ಅಲ್ಯುಮಿನಿಯಂ ಚಿಪ್ಪು. ಚಿಪ್ಪಿನ ಬುಡದಲ್ಲಿ ಸುತ್ತಲೂ ಒಂದು ಚಾನೆಲ್ ಇರುತ್ತೆ, ಅಲ್ಲಿಂದ ಬೋಲ್ಟು ಪ್ಲೈವುಡ್ ತೂರಿಕೊಂಡು ಫ್ರೇಮಿಗೆ ಹೋಗುತ್ತೆ. ಅಂದ್ರೆ ಪ್ಲೈವುಡ್ ಬರೀ ಓಡಾಡೋಕಲ್ಲ, ಮೇಲಿನದ್ದನ್ನೂ ಕೆಳಗಿನದ್ದನ್ನೂ ಹಿಡಿದಿಟ್ಟಿರೋದೇ ಅದು. ಹಿಂದಿನ ಬಂಪರ್ ಹತ್ರ, ಟೇಲ್ ಲೈಟ್ ಹತ್ರ, ಹಿಂದಿನ ಕಿಟಕಿ ಹತ್ರ ನೀರು ಇಳಿದು ವರ್ಷಗಟ್ಟಲೆ ಆ ಪ್ಲೈವುಡ್ ಅಂಚು ನೆನೆದ್ರೆ ಅದು ಲಡ್ಡು ಹಿಡಿಯುತ್ತೆ, ಬೋಲ್ಟಿಗೆ ಹಿಡಿತ ಹೋಗುತ್ತೆ, ಫ್ರೇಮ್ ಬೇರೆ ಚಿಪ್ಪು ಬೇರೆ ಆಗುತ್ತೆ. 31 ಅಡಿ ಗಾಡೀಲಿ ಆಕ್ಸಲ್ ಹಿಂದೆ ತುಂಬಾ ಉದ್ದ ಹೊರಗೆ ಚಾಚಿರುತ್ತೆ, ಟಾಯ್ಲೆಟ್ ಟ್ಯಾಂಕೂ ಅಲ್ಲೇ, ಹಂಗಾಗಿ 70ರ ದಶಕದ ಉದ್ದ ಗಾಡಿಗಳಿಗೆ ಈ ರೋಗ ಜಾಸ್ತಿ. ಇದಕ್ಕೆ ರಿಯರ್ ಎಂಡ್ ಸೆಪರೇಶನ್ ಅಂತಾರೆ, ಹಳೇ ಏರ್‌ಸ್ಟ್ರೀಮ್ ವ್ಯಾಪಾರ ಮಾಡೋ ಯಾರಿಗಾದ್ರೂ ಗೊತ್ತಿರೋ ವಿಷ್ಯ. ನಮಗೆ ಮಾರಿದವನಿಗೆ ಗೊತ್ತಿರ್ಲಿಲ್ಲ ಅನ್ನೋಕೆ ಆಗಲ್ಲ, ಯಾಕಂದ್ರೆ ಬೆಲ್ಲಿ ಪ್ಯಾನ್, ಅಂದ್ರೆ ಗಾಡಿ ಅಡಿಗೆ ಮುಚ್ಚಿರೋ ಶೀಟು, ಬಿಚ್ಚಿದ್ರೆ ಅಲ್ಲಿ ಹೊಸಾ ಕಬ್ಬಿಣದ ಆಂಗಲ್ ಇಟ್ಟು ಸ್ಕ್ರೂ ಹೊಡೆದು ಚಿಪ್ಪನ್ನ ಫ್ರೇಮಿಗೆ ಎಳೆದು ಕಟ್ಟಿದ್ದ, ತೂತು ಬಿದ್ದಿರೋ ಕಡೆ ಸ್ಪ್ರೇ ಫೋಮ್ ತುಂಬಿದ್ದ, ಅದ್ರ ಮೇಲೆ ಕಪ್ಪು ಪೇಂಟ್. ಅಲ್ಯುಮಿನಿಯಂಗೆ ಕಬ್ಬಿಣ ತಾಗಿಸಿ ನೀರು ಬಿಟ್ರೆ ಅಲ್ಯುಮಿನಿಯಮ್ಮೇ ಮೊದಲು ತಿಂದು ಹೋಗೋದು, ಸ್ಕ್ರೂ ಸುತ್ತ ಆಗ್ಲೇ ಬಿಳೀ ಪುಡಿ ಎದ್ದಿತ್ತು.

ವಿನೈಲ್ ಪ್ಲ್ಯಾಂಕ್ ಕಿತ್ತಾಗ ಕೆಳಗಿನ ಪ್ಲೈವುಡ್ ನೆನೆಸಿದ ಅವಲಕ್ಕಿ ತರ ಕೈಗೆ ಬಂತು. ಅಪ್ಪ ಸ್ಕ್ರೂಡ್ರೈವರ್ ಹಾಕಿದ್ರೆ ಹಿಡಿಕೆವರೆಗೂ ಹೋಯ್ತು.

ಆಕ್ಸಲ್ ಹೊಸದು ಅಂದಿದ್ನಲ್ಲ, ಅದೂ ಹಳೇದೇ, ಪೇಂಟ್ ಮಾತ್ರ ಹೊಸದು. ಈ ಗಾಡಿಗಳಲ್ಲಿ ಸ್ಪ್ರಿಂಗ್ ಇರಲ್ಲ, ಆಕ್ಸಲ್ ಟ್ಯೂಬ್ ಒಳಗೆ ರಬ್ಬರ್ ಇರುತ್ತೆ, ಅದೇ ಕುಲುಕಾಟ ತಡ್ಕೊಳೋದು. ಐವತ್ತು ವರ್ಷದ ರಬ್ಬರ್ ಕಲ್ಲಾಗಿರುತ್ತೆ. ಗೊತ್ತು ಮಾಡ್ಕೊಳೋದು ಸುಲಭ, ಚಕ್ರ ಕೂರಿಸಿರೋ ತೋಳು ನೋಡಿ, ಗಾಡಿ ಖಾಲಿ ನಿಂತಾಗ ಅದು ಹಿಂದಕ್ಕೆ ಕೆಳಮುಖವಾಗಿ ಇರ್ಬೇಕು, ಮಟ್ಟಸ ಆಗಿದ್ರೂ ಡೌಟೇ, ಮೇಲ್ಮುಖ ಆಗಿದ್ರೆ ಆ ಆಕ್ಸಲ್ ಸತ್ತಿದೆ. ಸತ್ತ ಆಕ್ಸಲ್ ಮೇಲೆ ಹೈವೇಲಿ ಎಳೆದ್ರೆ ಪ್ರತಿ ಗುಂಡಿ ಏಟೂ ನೇರ ಫ್ರೇಮಿಗೆ, ರಿವೆಟ್ಟಿಗೆ, ಆ ಹಿಂದಿನ ಮೂಲೆಗೇ ಹೋಗೋದು. ಟೈರ್ ಬದೀಲಿ ಡಿಒಟಿ ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕೆ ನೋಡಿ, ಮೊದಲೆರಡು ವಾರ ಮಿಕ್ಕೆರಡು ವರ್ಷ, ಟ್ರೆಡ್ (ಟೈರಿನ ಹಲ್ಲು) ಹೊಸದಾಗಿ ಕಂಡ್ರೂ ವಯಸ್ಸು ಅಲ್ಲಿ ಗೊತ್ತಾಗುತ್ತೆ.

ಹೊಳಪಿನ ಬಗ್ಗೆನೂ ಒಂದು ಮಾತು. ಜನ ಮರುಳಾಗೋದೇ ಅದಕ್ಕೆ, ನಾವೂ ಅಷ್ಟೇ. ಈ ಗಾಡಿ ಹೊರಗಡೆ ಇರೋದು ಅಲ್‌ಕ್ಲಾಡ್ ಶೀಟು, ಅಂದ್ರೆ ಗಟ್ಟಿ ಅಲಾಯ್ (ಮಿಶ್ರಲೋಹ) ಮೇಲೆ ಶುದ್ಧ ಅಲ್ಯುಮಿನಿಯಂದು ತೀರಾ ತೆಳು ಪದರ, ತುಕ್ಕಿಂದ ಕಾಪಾಡೋದೂ ಅದೇ ಕನ್ನಡಿ ತರ ಹೊಳೆಯೋದೂ ಅದೇ. ಹಳೇ ಕ್ಲಿಯರ್ ಕೋಟ್‌ನ ಕೆಮಿಕಲ್ ಹಾಕಿ ತೆಗೆದು ಪಾಲಿಶ್ ಕಾಂಪೌಂಡ್‌ನಲ್ಲಿ ಬಫ್ ಮಾಡ್ಬೇಕು, ಅದು ಭುಜ ಬಿದ್ದು ಹೋಗೋ ಕೆಲ್ಸ. ನಮಗೆ ಮಾರಿದವನು ಅವಸರಕ್ಕೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದ್ದ, ಮೂರ್ನಾಲ್ಕು ಪ್ಯಾನೆಲ್‌ನಲ್ಲಿ ಆ ಪದರಾನೇ ಹೋಗಿದೆ, ಈಗ ಎಷ್ಟು ಬಫ್ ಮಾಡಿದ್ರೂ ಮಂಕು. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ನೋಡಿ, ಒಂದೇ ದಿಕ್ಕಿನ ಗೀರು ಕಂಡ್ರೆ ಅದೇ. ಕಿಟಕಿ ಸುತ್ತ, ಸೀಮ್ ಮೇಲೆಲ್ಲ ಮಾಮೂಲಿ ಸಿಲಿಕೋನ್ ಬಳಿದಿದ್ದ, ಅದು ಒಂದ್ಸಲ ಅಂಟಿದ ಜಾಗದಲ್ಲಿ ಆಮೇಲೆ ಸರಿಯಾದ ಪಾಲಿಯುರೆಥೇನ್ ಸೀಲೆಂಟೂ ಹಿಡಿಯಲ್ಲ, ಕೆರೆದು ಕೆರೆದು ಉಗುರು ಹೋಗಿದೆ.

ಆದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಇದ್ಯಾವುದಕ್ಕೂ ಅಲ್ಲ, ಫ್ರಿಡ್ಜಿಗೆ. ಅದು ಪ್ರೊಪೇನ್ ಗ್ಯಾಸ್‌ನಲ್ಲೂ ಓಡೋ ಫ್ರಿಡ್ಜು, ಹಿಂದೆ ಬೆಂಕಿ ಉರಿಯುತ್ತೆ, ಅದ್ರ ಹೊಗೆ ಚಾವಣಿ ವೆಂಟ್‌ನಿಂದ ಹೊರಗೆ ಹೋಗ್ಬೇಕು. ಆ ವೆಂಟ್ ಹತ್ರ ಲೀಕ್ ಇತ್ತು ಅಂತ ಮೇಲೊಂದು ಶೀಟ್ ಹಾಕಿ ಸೀಲ್ ಮಾಡಿಬಿಟ್ಟಿದ್ದ. ಅದೇ ಗಾಡೀಲಿ ಕಿಟಕಿ ಮುಚ್ಕೊಂಡು ಮಕ್ಕಳ ಸಮೇತ ರಾತ್ರಿ ಮಲಗಿದ್ರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ. ಗ್ಯಾಸ್ ಪೈಪ್ ಜಾಯಿಂಟಿಗೆ ಸೋಪು ನೀರು ಹಚ್ಚಿದ್ರೆ ಎರಡು ಕಡೆ ಗುಳ್ಳೆ. ಕರ್ಟನ್ ಹಾಕೋಕೆ ಟೈಮ್ ಇತ್ತಲ್ಲ ಇವನಿಗೆ, ಆ ವಿಷಗಾಳಿ ಬಂದ್ರೆ ಕೂಗೋ ಒಂದು ಅಲಾರಂ ಹಾಕೋಕೆ ಇರ್ಲಿಲ್ವಾ?

ಒಳಗಿನ ಶೀಟ್ ಬಿಚ್ಚಿದಾಗ ಹಳೇ ಫೈಬರ್‌ಗ್ಲಾಸ್ ತುಂಬಾ ಇಲಿ ಗೂಡು. ಬಿಚ್ಚೋ ಕೆಲ್ಸಕ್ಕೆ ಇಳಿಯೋರು ಇಲ್ಲಿ ಹುಷಾರು, ಊರಲ್ಲಿ ಗುಡಿಸಿ ಹಾಕಿದಂಗೆ ಒಣಗಿದ್ದನ್ನ ಗುಡಿಸೋದು, ವ್ಯಾಕ್ಯೂಮ್ ಮಾಡೋದು ಬೇಡ. ಅಮೆರಿಕದ ಡೀರ್ ಮೌಸ್ ಅನ್ನೋ ಇಲಿಯ ಹಿಕ್ಕೆಯಿಂದ ಹ್ಯಾಂಟಾ ವೈರಸ್ ಬರುತ್ತೆ, ಧೂಳು ಉಸಿರಲ್ಲಿ ಹೋದ್ರೆ ಪ್ರಾಣಕ್ಕೇ ಕುತ್ತು. ಬಾಗಿಲು ತೆಗೆದು ಗಾಳಿ ಆಡಿಸಿ, ಬ್ಲೀಚ್ ನೀರು ಹಾಕಿ ನೆನೆಸಿ, ಗ್ಲೌಸ್ ಮಾಸ್ಕ್ ಹಾಕ್ಕೊಂಡು ಒದ್ದೆ ಇರುವಾಗ್ಲೇ ಒರೆಸಿ ತೆಗೀರಿ. ಹಳೇ ವಿನೈಲ್ ಟೈಲ್ಸ್ ಸಿಕ್ಕಿದ್ರೆ ಅದ್ರಲ್ಲಿ ಆಸ್ಬೆಸ್ಟಾಸ್ ಇರ್ಬೋದು, ಕೆರೆಯೋ ಮುಂಚೆ ಒಂದು ಚೂರು ಲ್ಯಾಬಿಗೆ ಕಳ್ಸಿ.

ಕಾಗದದ ಕಥೆ ಬೇರೆ. ಇಲ್ಲಿ ಗಾಡಿ ಮಾಲೀಕರು ಯಾರು ಅಂತ ತೋರ್ಸೋ ಪತ್ರಕ್ಕೆ ಟೈಟಲ್ ಅಂತಾರೆ. ಟೈಟಲ್‌ನಲ್ಲಿ ಇದ್ದಿದ್ದು ಇವನ ಹೆಸರೇ ಅಲ್ಲ, ಹಿಂದಿನ ಓನರ್‌ದು, ಅವರು ಸೈನ್ ಹಾಕಿ ಖರೀದಿದಾರನ ಜಾಗ ಖಾಲಿ ಬಿಟ್ಟಿದ್ರು, ಇವನು ತನ್ನ ಹೆಸರಿಗೆ ಮಾಡಿಸದೇ ನೇರ ನಮಗೆ ದಾಟಿಸಿದ. ಇಲ್ಲಿ ಇದು ಕಾನೂನು ಬಾಹಿರ, ಟೈಟಲ್ ಜಂಪಿಂಗ್ ಅಂತಾರೆ, ಟ್ಯಾಕ್ಸ್ ತಪ್ಪಿಸೋಕೆ ಮತ್ತೆ ಮಾರಿದವನ ಹೆಸರು ಎಲ್ಲೂ ಬರಬಾರ್ದು ಅನ್ನೋದಕ್ಕೆ. ಬೇರೆ ರಾಜ್ಯದ ಟೈಟಲ್ ಆದ್ರೆ ಓಹಾಯೋದಲ್ಲಿ ವಿಐಎನ್ (ಗಾಡಿಯ ಗುರುತಿನ ನಂಬರು) ಇನ್‌ಸ್ಪೆಕ್ಷನ್ ಆಗ್ಬೇಕು. ಅಕ್ಷರ ಅಂಕೆ ಸೇರಿ 17 ಇರೋ ವಿಐಎನ್ ಬಂದಿದ್ದೇ 1981ರಿಂದ, ಅದಕ್ಕೂ ಹಳೇ ಗಾಡಿದು ಚಿಕ್ಕ ನಂಬರು, ಹೆಚ್ಚಿನ ಆನ್‌ಲೈನ್ ಚೆಕ್ಕಿಂಗ್ ಸೈಟುಗಳು ಅದನ್ನ ತಗೊಳೋದೇ ಇಲ್ಲ. ಹಂಗಾಗಿ ಗಾಡಿ ಮೇಲಿರೋ ನಂಬರೂ ಟೈಟಲ್ ನಂಬರೂ ಒಂದೇನಾ, ಟೈಟಲ್ ಹೆಸರೂ ಮಾರೋವನ ಡ್ರೈವಿಂಗ್ ಲೈಸೆನ್ಸ್ ಹೆಸರೂ ಒಂದೇನಾ ಅಂತ ನೀವೇ ನಿಂತು ನೋಡ್ಬೇಕು. ಹಳೇ ಓನರ್‌ನ ಹುಡುಕಿ ಕಾಲು ಹಿಡಿಯೋ ಕೆಲ್ಸ ಇನ್ನೂ ನಡೀತಿದೆ.

ವಕೀಲರನ್ನ ಕೇಳಿದ್ವಿ. ಬಿಲ್ ಆಫ್ ಸೇಲ್‌ನಲ್ಲಿ "ಆಸ್ ಈಸ್" (ಹೆಂಗಿದೆಯೋ ಹಂಗೇ) ಅಂತ ಇದೆ, ಆದ್ರೂ ಲೀಕ್ ಇಲ್ಲ ಆಕ್ಸಲ್ ಹೊಸದು ಅಂತ ಬರೆದ ಮೆಸೇಜ್ ಇರೋದ್ರಿಂದ ಕೇಸ್ ಹಾಕ್ಬೋದು ಅಂದ್ರು. ಆದ್ರೆ ಸಣ್ಣ ಮೊತ್ತದ ಕೇಸು ನೋಡೋ ಓಹಾಯೋ ಸ್ಮಾಲ್ ಕ್ಲೇಮ್ಸ್ ಕೋರ್ಟಲ್ಲಿ ಮಿತಿ 6,000 ಡಾಲರ್, ಅವನಿರೋದು ಬೇರೆ ರಾಜ್ಯ, ದೊಡ್ಡ ಕೋರ್ಟಿಗೆ ಹೋದ್ರೆ ಗೆದ್ದ ದುಡ್ಡು ಫೀಸಿಗೇ ಸರಿ. ದುಡ್ಡು ಝೆಲ್‌ನಲ್ಲಿ (ಬ್ಯಾಂಕಿಂದ ಬ್ಯಾಂಕಿಗೆ ದುಡ್ಡು ಕಳ್ಸೋ ಆ್ಯಪ್) ಹೋಗಿತ್ತು, ನೀವಾಗೇ ಕಳ್ಸಿದ ದುಡ್ಡನ್ನ ಸಾಮಾನ್ಯವಾಗಿ ಬ್ಯಾಂಕ್ ವಾಪಸ್ ತರಲ್ಲ. ಫೋನ್ ಮಾಡಿದ್ರೆ "ಐವತ್ತು ವರ್ಷದ ಗಾಡಿ ಮೇಡಂ, ಏನು ಎಕ್ಸ್‌ಪೆಕ್ಟ್ ಮಾಡಿದ್ರಿ" ಅಂದ, ಆಮೇಲೆ ಬ್ಲಾಕ್. ಚೆನ್ನಾಗಿ ಟೋಪಿ ಹಾಕ್ದ.

ನೋಡೋಕೆ ಹೋಗೋರು ಇಷ್ಟು ಮಾಡಿ. ಮೊದಲೇ ಫೋನಲ್ಲಿ ಹೇಳಿ, ಗಾಡೀನ ಬಯಲಲ್ಲಿ ಸುತ್ತ ಓಡಾಡೋ ಹಂಗೆ ನಿಲ್ಲಿಸಿರು ಅಂತ. ಬಂಪರ್ ಮೇಲೆ ನಿಲ್ಲಿ. ಬೀರು ಒಳಗೆ, ಹಿಂದಿನ ಹ್ಯಾಚ್ ಒಳಗೆ ಮೂಲೆ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮಾರೋವನು ಚುಚ್ಚೋದು ಬೇಡ ಅಂದ್ರೆ ಅಲ್ಲಿಂದ ಹೊರಡಿ. ಎಲ್ಲಕ್ಕಿಂತ ಮುಖ್ಯ, ನೆಲ ಹಾಕೋ ಮುಂಚೆ, ಗೋಡೆ ಮುಚ್ಚೋ ಮುಂಚೆ ತೆಗೆದ ಫೋಟೋ ಕೇಳಿ. ನಿಜವಾಗ್ಲೂ ಫ್ರೇಮ್ ಕೆಲ್ಸ ಮಾಡಿದೋನು ನೂರಾರು ಫೋಟೋ ತೆಗೆದಿರ್ತಾನೆ, ಬೇಡ ಅಂದ್ರೂ ತೋರಿಸ್ತಾನೆ. ಕರ್ಟನ್ ಫೋಟೋ ಮಾತ್ರ ಇರೋವನ ಹತ್ರ ವ್ಯಾಪಾರ ಬೇಡ.

ನಮ್ಮದೀಗ ಚಿಪ್ಪು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಸಿದೀವಿ, ಫ್ರೇಮ್ ವೆಲ್ಡಿಂಗಿಗೆ ಹೋಗಿದೆ, ಎರಡು ಆಕ್ಸಲ್ ಆರ್ಡರ್ ಕೊಟ್ಟಾಯ್ತು, ಎಚ್‌ಒಎ (ಬಡಾವಣೆ ಮನೆ ಮಾಲೀಕರ ಸಂಘ) ಇಂದ ಡ್ರೈವ್‌ವೇ ನೋಟಿಸೂ ಬಂದಾಯ್ತು. ಅಪ್ಪ ಅಕ್ಟೋಬರ್‌ವರೆಗೂ ಇಲ್ಲೇ ಇರ್ತಾರೆ. ಡೇಟನ್, ಕೊಲಂಬಸ್, ಸಿನ್ಸಿನಾಟಿ ಕಡೆಯವರು ಯಾರಾದ್ರೂ ಇಂಥ ಗಾಡಿ ನೋಡೋಕೆ ಹೋಗೋದಿದ್ರೆ ಒಂದು ಮೆಸೇಜ್ ಹಾಕಿ, ಶನಿವಾರ ಭಾನುವಾರ ಆದ್ರೆ ಅವ್ರನ್ನ ಕರ್ಕೊಂಡ್ ಬರ್ತೀನಿ, ಫಿಲ್ಟರ್ ಕಾಫಿ ಕೊಟ್ರೆ ಸಾಕು.