ರೇಡಿಯಲ್ ಫೈಬರ್ ಕೊಳ್ಳುವ ಮುನ್ನ ಬೆಳಕಿನ ಬಳೆ ನೋಡಿ: ಮೂರು ವರ್ಷದ ಬಳಕೆಯ ಮೇಲೆ ವಿಮರ್ಶೆ

ಬಳಸಿದ್ದು 600 ಮೈಕ್ರಾನ್ ಕೋರ್‌ನ (ಬೆಳಕು ಸಾಗುವ ಒಳತಿರುಳಿನ) ರೇಡಿಯಲ್ ಫೈಬರ್, ಅಂದರೆ ಲೇಸರ್ ಬೆಳಕನ್ನು ತುದಿಯಿಂದ ಸುತ್ತಲೂ ಚೆಲ್ಲುವ ಗಾಜಿನ ಎಳೆ, 1470 ನ್ಯಾನೊಮೀಟರ್ ಡಯೋಡ್ ಲೇಸರ್ ಜೊತೆಗೆ, ಮೈಸೂರಿನ ಓಟಿಯಲ್ಲಿ (ಆಪರೇಷನ್ ಥಿಯೇಟರ್), ವೆರಿಕೋಸ್ ವೇನ್ಸ್ (ಕಾಲಿನಲ್ಲಿ ಉಬ್ಬಿದ ರಕ್ತನಾಳ) ಚಿಕಿತ್ಸೆಗೆ. ನಾಳದೊಳಗೆ ಫೈಬರ್ ತೂರಿಸಿ, ಲೇಸರ್ ಬಿಸಿಯಿಂದ ನಾಳ ಮುಚ್ಚುತ್ತಾ ಅದನ್ನು ನಿಧಾನ ಹಿಂದಕ್ಕೆ ಎಳೆಯುವುದೇ ಈ ಚಿಕಿತ್ಸೆ. ಆಲೆಮನೆ, ಹೋಟೆಲ್ ಅಡುಗೆಮನೆಗಳಲ್ಲಿ ದಿನವಿಡೀ ನಿಂತು ದುಡಿಯುವ ಮಂಡ್ಯ ಕಡೆಯವರ ಕಾಲುಗಳೇ ಇಲ್ಲಿಗೆ ಹೆಚ್ಚು ಬರುತ್ತವೆ.

ಬೋಳು ತುದಿಯ ಫೈಬರ್ ಅಗ್ಗ, ನಿಜ. ಆದರೆ ಅದರಲ್ಲಿ 10 ವ್ಯಾಟ್ ಪೂರ್ತಿ 600 ಮೈಕ್ರಾನ್ ಮುಖದಿಂದ ನೇರ ಮುಂದಕ್ಕೆ ಬರುತ್ತದೆ, ಚದರ ಸೆಂ.ಮೀ.ಗೆ ಲೆಕ್ಕ ಹಾಕಿದರೆ 3,500 ವ್ಯಾಟ್‌ ದಾಟುತ್ತದೆ. ತುದಿಗೆ ಅಂಟಿದ ರಕ್ತ ಕರಕಲಾಗಿ ಕೆಂಡದಂತೆ ಕಾಯುತ್ತದೆ, ತಾಗಿದ ಕಡೆ ನಾಳದ ಗೋಡೆ ತೂತಾಗುತ್ತದೆ. ಆಮೇಲಿನ ನೋವು, ನೀಲಿಗಟ್ಟಿದ ಚರ್ಮ ಬಹುಪಾಲು ಇದರಿಂದಲೇ. ರೇಡಿಯಲ್ ತುದಿಯಲ್ಲಿ ಬೆಳಕು ಸುತ್ತಲೂ ಹಂಚಿಹೋಗುವುದರಿಂದ ಗೋಡೆ ಎಲ್ಲ ಕಡೆ ಒಂದೇ ಸಮ ಕಾಯುತ್ತದೆ.

ಈ ಫೈಬರಿನ ಜೀವ ಇರುವುದು ತುದಿಯ ಗಾಜಿನ ಕ್ಯಾಪ್‌ನಲ್ಲಿ. ಒಳಗೆ ಶಂಕುವಿನಂತೆ ಉಜ್ಜಿದ ಗಾಜು, ಅದರ ಸುತ್ತ ಗಾಳಿ. ಗಾಳಿ ಇರುವುದರಿಂದಲೇ ಬೆಳಕು ಶಂಕುವಿನ ಮೈಗೆ ಬಡಿದು ಪಕ್ಕಕ್ಕೆ ತಿರುಗುತ್ತದೆ. ಕ್ಯಾಪ್‌ನ ಅಂಟು ಬಿಟ್ಟು ಒಂದು ಹನಿ ಸಲೈನ್ ಒಳಗೆ ಸೇರಿದರೂ ಆ ತಿರುವು ಕೆಡುತ್ತದೆ, ಬೆಳಕು ಮತ್ತೆ ಮುಂದಕ್ಕೇ ಹೋಗುತ್ತದೆ. ಅಂದರೆ ದುಡ್ಡು ರೇಡಿಯಲ್‌ಗೆ, ಕೆಲಸ ಬೋಳು ಫೈಬರಿನದು.

ಹಾಗಾಗಿ ಪೊಟ್ಟಣ ಒಡೆದ ಮೇಲೆ ಪ್ರತಿ ಫೈಬರಿಗೂ ಒಂದು ಪರೀಕ್ಷೆ. ಓಟಿ ದೀಪ ಆರಿಸಿ, ಕೆಂಪು ಗುರಿಬೆಳಕು ಮಾತ್ರ ಹಾಕಿ, ಸ್ಟೆರೈಲ್ ಬಿಳಿ ಬ್ಯಾಂಡೇಜ್ ಬಟ್ಟೆಯನ್ನು ತುದಿಯ ಸುತ್ತ ಸಡಿಲವಾಗಿ ಹಿಡಿಯಿರಿ. ಬಳೆಯಂತೆ ಮುರಿಯದ ಕೆಂಪು ಉಂಗುರ ಕಾಣಬೇಕು. ಒಂದು ಕಡೆ ಬಳೆ ಮುರಿದಿದ್ದರೆ, ಇಲ್ಲವೇ ತುದಿಯ ಎದುರಿಗೆ ಹಿಡಿದ ಬಟ್ಟೆಯ ಮೇಲೆ ಉಂಗುರಕ್ಕಿಂತ ಹೊಳೆಯುವ ಚುಕ್ಕೆ ಬಿದ್ದರೆ, ಅದನ್ನು ವಾಪಸ್ ಕಳಿಸಿ. ಹೊದಿಕೆಯ ನಡುವೆ ಎಲ್ಲಾದರೂ ಕೆಂಪು ಸೋರಿದರೆ ಅಲ್ಲಿ ಗಾಜು ಬಿರುಕು ಬಿಟ್ಟಿದೆ ಎಂದೇ ಅರ್ಥ.

ಇನ್ನೊಂದು ತುದಿ, ಯಂತ್ರಕ್ಕೆ ಸಿಕ್ಕಿಸುವ ಎಸ್‌ಎಂಎ-905 ಕನೆಕ್ಟರ್, ಯಾರೂ ನೋಡುವುದಿಲ್ಲ. ಮುಖದ ಮೇಲೆ ಒಂದು ಧೂಳಿನ ಕಣ ಸಾಕು. ಸುಟ್ಟು ಲೇಸರ್ ಯಂತ್ರದ ಒಳಗಾಜಿಗೂ ಕಲೆ ಹಚ್ಚುತ್ತದೆ, ಆ ರಿಪೇರಿ ಫೈಬರಿನ ಬೆಲೆಗಿಂತ ಎಷ್ಟೋ ಹೆಚ್ಚು. ಭೂತಗನ್ನಡಿಯಲ್ಲಿ ನೋಡಿ, ಮುಟ್ಟದೆ ಸಿಕ್ಕಿಸಿ. 600 ಮೈಕ್ರಾನ್‌ಗೆ ಹೊಂದಿಸಿದ ಯಂತ್ರಕ್ಕೆ 400ರ ಫೈಬರ್ ಹಾಕಬೇಡಿ, ಕನೆಕ್ಟರ್ ಸುಡುತ್ತದೆ. ಫೈಬರ್ ಲೋ-ಓಎಚ್ ಸಿಲಿಕಾದ್ದೇ (ನೀರಿನಂಶ ತೀರ ಕಡಿಮೆ ಇರುವ ಗಾಜಿನದ್ದೇ) ಎಂದು ಬರಹದಲ್ಲಿ ಕೇಳಿ.

ಲೆಕ್ಕ ಹೀಗೆ: 8 ವ್ಯಾಟ್‌ನಲ್ಲಿ ನಾಳದ ಪ್ರತಿ ಸೆಂ.ಮೀ.ಗೆ 80 ಜೂಲ್ ಬೇಕಾದರೆ ಸೆಂ.ಮೀ.ಗೆ 10 ಸೆಕೆಂಡ್, ಅಂದರೆ ಸೆಕೆಂಡಿಗೆ 1 ಮಿ.ಮೀ. ಎಳೆತ. 30 ಸೆಂ.ಮೀ. ನಾಳಕ್ಕೆ 5 ನಿಮಿಷ, 2,400 ಜೂಲ್. ಡೋಸ್ ನಿರ್ಧಾರ ಡಾಕ್ಟರದು. ಎಳೆತ ಸಮನಾಗಿರಲು ಫೈಬರ್ ಮೇಲಿನ ಸೆಂ.ಮೀ. ಗುರುತು ಅಳಿಸಿಹೋಗಬಾರದು. ಅಗ್ಗದ ಒಂದು ಮಾಲಿನಲ್ಲಿ ಸ್ಪಿರಿಟ್ ತಾಗಿದರೆ ಗುರುತೇ ಹೋಗುತ್ತಿತ್ತು. ತುದಿ ಇನ್ನೂ ಶೀಥ್ (ಫೈಬರ್ ತೂರಿಸುವ ಪ್ಲಾಸ್ಟಿಕ್ ಕೊಳವೆ) ಒಳಗಿದ್ದಾಗ ಪೆಡಲ್ ಒತ್ತಿದರೆ ಪ್ಲಾಸ್ಟಿಕ್ ಕರಗಿ ಅಂಟುತ್ತದೆ. ನಡುವೆ ಕರೆಂಟ್ ಹೋದರೆ ಎಳೆತ ಅಲ್ಲೇ ನಿಲ್ಲಬೇಕು, ಯುಪಿಎಸ್ ಇಲ್ಲದೆ ಶುರು ಮಾಡಲೇಬೇಡಿ.

ಒಂದು ಗೊಂದಲ ಪದೇ ಪದೇ ಕೇಳುತ್ತೇವೆ: ಬೆಳಕಿಗೆ ಸ್ಪಂದಿಸುವ ಔಷಧಿ ಕೊಟ್ಟು ಬೆಳಕು ಹಾಯಿಸುವ ಫೋಟೊಡೈನಾಮಿಕ್ ಚಿಕಿತ್ಸೆಯ ಸಿಲಿಂಡರ್ ಡಿಫ್ಯೂಸರನ್ನೇ ಇದಕ್ಕೂ ಬಳಸಬಹುದೇ? ಆಗದು. ಅದರಲ್ಲಿ ಬೆಳಕು ಉದ್ದಕ್ಕೂ ಚೆದುರಿ ಹೊರಬರುತ್ತದೆ. ಫೋಟೊಫ್ರಿನ್ ಔಷಧಿಗೆ 630 ನ್ಯಾನೊಮೀಟರ್‌ನಲ್ಲಿ ಸೆಂ.ಮೀ.ಗೆ 400 ಮಿಲಿವ್ಯಾಟ್ ಮಾತ್ರ, 2.5 ಸೆಂ.ಮೀ. ಡಿಫ್ಯೂಸರಿಗೆ 1 ವ್ಯಾಟ್, 5 ಸೆಂ.ಮೀ.ಗೆ 2. ಅದಕ್ಕೆ 8 ವ್ಯಾಟ್ ಕೊಟ್ಟರೆ ತುದಿ ಸುಟ್ಟುಹೋಗುತ್ತದೆ.

ಬಳಸಿದ ಫೈಬರನ್ನು ಇಟಿಓ (ಎಥಿಲೀನ್ ಆಕ್ಸೈಡ್ ಅನಿಲದ ಕ್ರಿಮಿಶುದ್ಧಿ) ಮಾಡಿಸಿ ಮತ್ತೆ ಬಳಸಿ ಎನ್ನುವ ಮಾರಾಟಗಾರರಿದ್ದಾರೆ. ಒಪ್ಪಬೇಡಿ. ಬಿಸಿ ತಿಂದ ಅಂಟು ಸಡಿಲಾಗಿ ಕ್ಯಾಪ್ ರೋಗಿಯ ನಾಳದೊಳಗೆ ಉಳಿದರೆ ಅದನ್ನು ಹುಡುಕಿ ತೆಗೆಯುವ ಪಾಡು ರೋಗಿಯದು. ಮಾಲು ಬೆಂಗಳೂರಿಂದ ಬರಬೇಕು, ಹಾಗಾಗಿ ಕೇಸಿಗೊಂದರ ಮೇಲೆ ಒಂದು ಹೆಚ್ಚುವರಿ ಸೀಲ್ ಒಡೆಯದ ಫೈಬರ್ ಓಟಿಯಲ್ಲೇ ಇಟ್ಟುಕೊಳ್ಳಿ. ಬಳೆ ಮುರಿದಿದ್ದು ಕಂಡ ದಿನ ಕೈಯಲ್ಲಿ ಬದಲಿ ಇಲ್ಲದಿದ್ದರೆ, ಅದನ್ನೇ ಬಳಸೋಣ ಎಂಬ ಮಾತು ಬಂದೇ ಬರುತ್ತದೆ.