ಮಾಡ್ಯುಲರ್ ಸಿಂಥ್ ಕಲಿಯೋಕೆ ವಿಸಿವಿ ರ‍್ಯಾಕಾ, ಸಿಂಥ್ ಸೀಕ್ರೆಟ್ಸಾ?

ಮಾಡ್ಯುಲರ್ ಸಿಂಥ್ (ಬಿಡಿ ಬಿಡಿ ಮಾಡ್ಯೂಲ್‌ಗಳನ್ನ ಕೇಬಲ್‌ನಿಂದ ಜೋಡಿಸಿ ಸೌಂಡ್ ಹುಟ್ಟಿಸೋ ಎಲೆಕ್ಟ್ರಾನಿಕ್ ವಾದ್ಯ) ಕಲಿಬೇಕು ಅನ್ನೋರು ಮೊದ್ಲು ಯೂರೋರ‍್ಯಾಕ್ (ಇಂಥ ಸಿಂಥ್‌ನ ಹಾರ್ಡ್‌ವೇರ್ ಮಾದರಿ) ರೇಟ್ ನೋಡಿ ಸುಸ್ತಾಗ್ತಾರೆ, ಅದನ್ನ ಸದ್ಯಕ್ಕೆ ಬಿಟ್ಹಾಕಿ. ಕಾಸು ಖರ್ಚಿಲ್ದೆ ಎರಡು ಒಳ್ಳೆ ದಾರಿ ಇವೆ, ವಿಸಿವಿ ರ‍್ಯಾಕ್ ಅನ್ನೋ, ಕಂಪ್ಯೂಟರ್‌ನಲ್ಲೇ ಮಾಡ್ಯುಲರ್ ಸಿಂಥ್ ಜೋಡಿಸೋ ಸಾಫ್ಟ್‌ವೇರ್ ಒಂದು, ಸೌಂಡ್ ಆನ್ ಸೌಂಡ್ ಪತ್ರಿಕೆಗೆ ಗಾರ್ಡನ್ ರೀಡ್ ಬರೆದ ಸಿಂಥ್ ಸೀಕ್ರೆಟ್ಸ್ ಸರಣಿ ಇನ್ನೊಂದು.

ರ‍್ಯಾಕ್ ಕೈಗೆ ಕೆಲಸ ಕೊಡುತ್ತೆ. ವಿಸಿಒ (ನಾದ ಹುಟ್ಟಿಸೋ ಮಾಡ್ಯೂಲ್) ಔಟ್‌ಪುಟ್‌ನ ವಿಸಿಎಗೆ (ವಾಲ್ಯೂಮ್ ನೋಡ್ಕೊಳ್ಳೋ ಮಾಡ್ಯೂಲ್) ಹಾಕಿ ಅಲ್ಲಿಂದ ಆಡಿಯೋ ಮಾಡ್ಯೂಲ್‌ಗೆ ಕೇಬಲ್ ಎಳೀರಿ, ಒಂದೇ ಸಮ ಕುಂಯ್ ಅನ್ನುತ್ತೆ, ಈಗ ಎಡಿಎಸ್‌ಆರ್ (ಸೌಂಡ್ ಹೇಗೆ ಏರಿ ಇಳೀಬೇಕು ಅಂತ ತೀರ್ಮಾನಿಸೋ ಎನ್ವಲಪ್ ಮಾಡ್ಯೂಲ್) ತಂದು ವಿಸಿಎ ಸಿವಿ (ಕಂಟ್ರೋಲ್ ವೋಲ್ಟೇಜ್) ಜ್ಯಾಕ್‌ಗೆ ಸಿಕ್ಕಿಸಿದ ತಕ್ಷಣ ಸೌಂಡ್ ಬಂದ್, ಗೇಟ್ (ಕೀ ಒತ್ತಿದಾಗ ಬರೋ ಥರದ ಆನ್-ಆಫ್ ಸಿಗ್ನಲ್) ಕೊಟ್ಟಾಗ ಮಾತ್ರ ಏಳುತ್ತೆ. ಎನ್ವಲಪ್ ಏನು ಅಂತ ಅಲ್ಲೇ ಗೊತ್ತಾಗೋಯ್ತು! ಮಾಡ್ಯುಲರ್ ಸಿಂಥ್ ಪಾಠ ಹೇಳೋ ಒಮ್ರಿ ಕೋಹೆನ್ ಅವರ ಯೂಟ್ಯೂಬ್ ವಿಡಿಯೋ ಪಕ್ಕದಲ್ಲಿ ಇಟ್ಕೊಂಡ್ರೆ ಇನ್ನೂ ಸಲೀಸು. ತೊಂದ್ರೆ ಏನಪ್ಪಾ ಅಂದ್ರೆ ಫ್ರೀ ಮಾಡ್ಯೂಲ್‌ಗಳು ರಾಶಿ ರಾಶಿ, ಕಲಿಯೋದು ಬಿಟ್ಟು ಬರೀ ಡೌನ್‌ಲೋಡ್ ಮಾಡ್ತಾ ಕೂತ್ಬಿಡ್ತೀರ.

ಸಿಂಥ್ ಸೀಕ್ರೆಟ್ಸ್ 1999ರಲ್ಲಿ ಶುರುವಾಗಿದ್ದು, 63 ಭಾಗ, ಆನ್‌ಲೈನ್‌ನಲ್ಲಿ ಪುಕ್ಸಟ್ಟೆ ಓದ್ಬೋದು. ಫಿಲ್ಟರ್ ಯಾಕೆ ಹಾಗೆ ವರ್ತಿಸುತ್ತೆ, ತುತ್ತೂರಿ ನಾದ ಹೇಗೆ ಕಟ್ಟೋದು, ಇಂಥ "ಯಾಕೆ"ಗಳಿಗೆಲ್ಲ ಉತ್ತರ ಇದೆ. ಸ್ವಲ್ಪ ಡ್ರೈ, ಗ್ರಾಫ್ ಜಾಸ್ತಿ, ಇಂಗ್ಲಿಷ್ ಬೇರೆ.

ನನ್ನ ಕೇಳಿದ್ರೆ ರ‍್ಯಾಕ್ ಮೊದ್ಲು, ಡೌಟ್ ಬಂದಾಗ ಆ ವಿಷಯದ ಭಾಗ ಹುಡುಕಿ ಓದಿ. ಲ್ಯಾಪ್‌ಟಾಪ್ ತೀರಾ ಹಳೇದಾದ್ರೆ ಮಾತ್ರ ಉಲ್ಟಾ ಮಾಡಿ, ರ‍್ಯಾಕ್ ಸಿಪಿಯು ಚೆನ್ನಾಗೇ ತಿನ್ನುತ್ತೆ. ಇನ್ನು ಡಿಎಡಬ್ಲ್ಯೂ (ಮ್ಯೂಸಿಕ್ ರೆಕಾರ್ಡಿಂಗ್ ಸಾಫ್ಟ್‌ವೇರ್) ಒಳಗೆ ಪ್ಲಗಿನ್ ಆಗಿ ಬೇಕಂದ್ರೆ ದುಡ್ಡು ಕೊಟ್ಟು ಅದರ ಪ್ರೋ ವರ್ಷನ್ ತಗೋಬೇಕು, ಕಲಿಯೋಕೆ ಅದೇನೂ ಬೇಡ.