ಎಸ್‌.ಪಿ. ರಸ್ತೆಯ ಮಹಡಿ ಮೇಲಿನ ರಿಪೇರಿ ಮಳಿಗೆ: ಸ್ಮಾರ್ಟ್ ಕಾರ್ಡ್ ರೀಡರ್ ಸರಿಹೋದ ಬಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಬಲ್, ಅಡಾಪ್ಟರ್ ಮಾರುವ ಮಳಿಗೆಗಳ ಸಾಲಿನ ನಡುವೆ ಒಂದು ಇಕ್ಕಟ್ಟಾದ ಮೆಟ್ಟಿಲಿದೆ; ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಅದನ್ನು ಹತ್ತಿದರೆ ಸಿಗುವ, ಹೊರಗೆ ಫಲಕವೂ ಇಲ್ಲದ ಲ್ಯಾಪ್‌ಟಾಪ್ ರಿಪೇರಿ ಮಳಿಗೆಯ ಕೆಲಸದ ಬಗ್ಗೆ ಈ ವಿಮರ್ಶೆ.

ನಾನು ಹನುಮಂತನಗರದಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಗುತ್ತಿಗೆ ಕೆಲಸ ಮಾಡುತ್ತೇನೆ. ಸರ್ಕಾರಿ ಕಾಮಗಾರಿಗಳಿಗೆ ಆನ್‌ಲೈನಿನಲ್ಲಿ ಟೆಂಡರ್ ಸಲ್ಲಿಸಲು ಡಿಜಿಟಲ್ ಸಹಿ ಬೇಕು. ಬಹುತೇಕರ ಸಹಿ ಪೆನ್‌ಡ್ರೈವ್‌ನಂಥ ಯುಎಸ್‌ಬಿ ಟೋಕನ್‌ನಲ್ಲಿರುತ್ತದೆ, ನನ್ನದು ಚಿಪ್ ಇರುವ ಕಾರ್ಡಿನಲ್ಲಿದೆ. ಆ ಕಾರಣಕ್ಕಾಗಿಯೇ, ಎಡಬದಿಯಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಸೀಳು ಇರುವ, ಕಂಪನಿಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ಕೊಂಡಿದ್ದೆ. ಮಾರಿದವರು ಹಳೆಯದನ್ನೆಲ್ಲ ಅಳಿಸಿ ವಿಂಡೋಸ್ 11 ಹೊಸದಾಗಿ ಹಾಕಿ ಕೊಟ್ಟಿದ್ದರು. ಕಾರ್ಡ್ ತೂರಿಸಿದರೆ ಏನೂ ಆಗುತ್ತಿರಲಿಲ್ಲ. ಸಹಿ ಮಾಡುವ ತಂತ್ರಾಂಶ ರೀಡರ್ ಇಲ್ಲವೆಂದೇ ಹೇಳುತ್ತಿತ್ತು. ಮನೆಯ ಹತ್ತಿರದ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದು ಎರಡು ನಿಮಿಷ ನೋಡಿ, ಫಾರ್ಮ್ಯಾಟ್ ಮಾಡಬೇಕು, 1,500 ರೂಪಾಯಿ ಆಗುತ್ತದೆ ಎಂದರು. ಆಗಷ್ಟೇ ಫಾರ್ಮ್ಯಾಟ್ ಆಗಿ ಬಂದ ಯಂತ್ರವನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೆ ಏನು ಬದಲಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ಟೆಂಡರಿಗೆ ಮೂರು ದಿನ ಉಳಿದಿದ್ದಾಗ ಸ್ನೇಹಿತರೊಬ್ಬರು ಈ ಮಹಡಿಯ ದಾರಿ ತೋರಿಸಿದರು.

ಇಲ್ಲಿಯ ಮಾಲೀಕರು ಲ್ಯಾಪ್‌ಟಾಪ್ ಮುಟ್ಟುವ ಮೊದಲು ಮೂರು ವಿಷಯ ಕೇಳಿದರು: ಕಾರ್ಡ್ ಬೇರೆ ಯಾವುದಾದರೂ ಯಂತ್ರದಲ್ಲಿ ಓದುತ್ತದೆಯೇ, ಕಚೇರಿಯ ಕಂಪ್ಯೂಟರಿಗೆ ದೂರದಿಂದ ಸಂಪರ್ಕ ಮಾಡಿ ಕೆಲಸ ಮಾಡುತ್ತೀರಾ, ಯಂತ್ರದ ವೇಗ ಹೆಚ್ಚಿಸುವ ತಂತ್ರಾಂಶ ಯಾವುದಾದರೂ ಹಾಕಿದ್ದೀರಾ. ಎರಡನೆಯ ಪ್ರಶ್ನೆಯ ಕಾರಣವನ್ನೂ ಹೇಳಿದರು. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕೆಲಸ ಮಾಡುವಾಗ ಆ ದೂರದ ಯಂತ್ರಕ್ಕೆ ತೂರಿಸಿದ ರೀಡರ್ ಕಾಣಿಸದು, ನಾವು ಕೂತಿರುವ ಯಂತ್ರದ ರೀಡರ್ ಮಾತ್ರ ಕಾಣಿಸುತ್ತದೆ. ಇದು ತಿಳಿಯದೆ ಎಷ್ಟೋ ಜನ ಸರಿಯಾಗಿರುವ ಡ್ರೈವರನ್ನು (ಸಾಧನವನ್ನು ವಿಂಡೋಸ್‌ನೊಂದಿಗೆ ಹೊಂದಿಸಿ ನಡೆಸುವ ತಂತ್ರಾಂಶವನ್ನು) ತೆಗೆದುಹಾಕುತ್ತಾರಂತೆ. ನನಗೆ ತಗುಲಿದ್ದು ಮೂರನೆಯ ಪ್ರಶ್ನೆ. ಅಂಥದ್ದೊಂದು ತಂತ್ರಾಂಶವನ್ನು ನಾನೇ ಹಾಕಿದ್ದೆ.

ಮೊದಲಿಗೆ ಅವರು ತಮ್ಮಲ್ಲಿದ್ದ ಯುಎಸ್‌ಬಿ ರೀಡರ್ ಒಂದನ್ನು ಜೋಡಿಸಿ, ನನ್ನ ಕಾರ್ಡನ್ನು ಅದರಲ್ಲಿಟ್ಟರು. ಇಂಥ ರೀಡರ್‌ಗಳು ಸಾಮಾನ್ಯವಾಗಿ ಸಿಸಿಐಡಿ ಎಂಬ ಒಂದೇ ಮಾದರಿಯ ಯುಎಸ್‌ಬಿ ವ್ಯವಹಾರವನ್ನು ಪಾಲಿಸುವುದರಿಂದ, ಅವಕ್ಕೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್‌ನ ಡ್ರೈವರ್ ಸಾಕಾಗುತ್ತದೆ; ಹಾಗಾಗಿ ಕಾರ್ಡನ್ನು ಪರೀಕ್ಷಿಸಲು ಇದಕ್ಕಿಂತ ಸರಳವಾದ ದಾರಿ ಇಲ್ಲ. ಆದರೆ ಅದೂ ಓದಲಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು, ರೀಡರ್ ಮತ್ತು ಕಾರ್ಡಿನ ಸ್ಥಿತಿ ತೋರಿಸುವ ಸರ್ಟ್‌ಯುಟಿಲ್ ಆದೇಶವನ್ನು ಎಸ್‌ಸಿಇನ್ಫೋ ಆಯ್ಕೆಯೊಂದಿಗೆ ಕೊಟ್ಟಾಗ, ಸ್ಮಾರ್ಟ್ ಕಾರ್ಡ್ ರಿಸೋರ್ಸ್ ಮ್ಯಾನೇಜರ್ ಚಾಲನೆಯಲ್ಲಿಲ್ಲ ಎಂಬ ಸಂದೇಶ ಬಂತು. ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಸೇವೆಗಳ ಸರ್ವಿಸಸ್ ಪಟ್ಟಿಯಲ್ಲಿ ನೋಡಿದರೆ, ರೀಡರ್‌ಗಳನ್ನು ನಿಭಾಯಿಸುವ ಸ್ಮಾರ್ಟ್ ಕಾರ್ಡ್ ಎಂಬ ಸೇವೆ ಡಿಸೇಬಲ್ಡ್ ಆಗಿತ್ತು. ವೇಗ ಹೆಚ್ಚಿಸುವ ತಂತ್ರಾಂಶ ಅದನ್ನು ಅನಗತ್ಯವೆಂದು ಬಗೆದು ನಿಲ್ಲಿಸಿತ್ತು. ಅದನ್ನು ಮ್ಯಾನ್ಯುಅಲ್‌ಗೆ ಬದಲಿಸಿ ಚಾಲೂ ಮಾಡಿದೊಡನೆ ಹೊರಗಿನ ರೀಡರ್‌ನಲ್ಲಿ ನನ್ನ ಡಿಜಿಟಲ್ ಸಹಿಯ ಪ್ರಮಾಣಪತ್ರ ಕಾಣಿಸಿತು. "ಕಾರ್ಡ್ ಸರಿ ಇದೆ ಸರ್, ಇನ್ನು ಅದರ ಮೇಲೆ ಅನುಮಾನ ಬೇಡ," ಎಂದರು.

ಪಿನ್ ಕೇಳುವ ಕಿಟಕಿ ತೆರೆದಾಗ ಅವರು ನಡೆದುಕೊಂಡ ರೀತಿ ನನಗೆ ಬಹಳ ಹಿಡಿಸಿತು. ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, ತಾವು ಕುರ್ಚಿ ಬಿಟ್ಟು ಎದ್ದರು. ಪಿನ್ ಯಾರಿಗೂ ಹೇಳಬೇಡಿ, ಹಲವು ಬಾರಿ ತಪ್ಪು ಒತ್ತಿದರೆ ಕಾರ್ಡ್ ಲಾಕ್ ಆಗುತ್ತದೆ ಎಂದು ಎಚ್ಚರಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಈ ಸಹಿಗೆ ಕಾನೂನಿನ ಮಾನ್ಯತೆಯಿದೆ. ಕಾರ್ಡ್ ಮತ್ತು ಪಿನ್ ಎರಡೂ ಅಂಗಡಿಯವರ ಕೈಗೆ ಹೋದರೆ ನನ್ನ ಕೈಬರಹದ ಸಹಿಯನ್ನು ಖಾಲಿ ಹಾಳೆಯ ಮೇಲೆ ಹಾಕಿ ಕೊಟ್ಟಂತೆಯೇ ಸರಿ. ಅವಸರದಲ್ಲಿ ಪಿನ್ನನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋಗುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಉಳಿದದ್ದು ಲ್ಯಾಪ್‌ಟಾಪಿನ ಒಳಗಿನ ರೀಡರ್. ಯಂತ್ರದ ಸಾಧನಗಳನ್ನು ಪಟ್ಟಿ ಮಾಡುವ ಡಿವೈಸ್ ಮ್ಯಾನೇಜರ್‌ನಲ್ಲಿ ಸ್ಮಾರ್ಟ್ ಕಾರ್ಡ್ ರೀಡರ್ಸ್ ಎಂಬ ಸಾಲಿನಲ್ಲಿ ಅದರ ಹೆಸರಿರಲಿಲ್ಲ. ಹಳದಿ ಗುರುತು ಹೊತ್ತ, ಹೆಸರಿಲ್ಲದ ಒಂದು ಸಾಧನ ಮಾತ್ರ ಬೇರೆಡೆ ಇತ್ತು. ಅದರ ವಿವರದಲ್ಲಿದ್ದ ಕೋಡ್ 28ಕ್ಕೆ ಡ್ರೈವರ್ ಸ್ಥಾಪನೆಯಾಗಿಲ್ಲ ಎಂದು ಅರ್ಥ. ಇಲ್ಲಿ ಮಾಲೀಕರ ಒಂದು ತಪ್ಪನ್ನೂ ಹೇಳಬೇಕು. ಹೊರಗಿನ ರೀಡರಿಗೆ ನಡೆದ ಮೈಕ್ರೋಸಾಫ್ಟ್ ಡ್ರೈವರನ್ನೇ ಇದಕ್ಕೂ ಹೊಂದಿಸಲು ಹೋಗಿ ಸುಮಾರು ಇಪ್ಪತ್ತು ನಿಮಿಷ ಕಳೆದರು, ಫಲ ಸಿಗಲಿಲ್ಲ. ಕೆಲವು ಕಂಪನಿ ದರ್ಜೆಯ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ರೀಡರ್ ನೇರವಾಗಿ ಯುಎಸ್‌ಬಿಗೆ ಸೇರದೆ ಭದ್ರತಾ ಚಿಪ್ ಒಂದರ ಹಿಂದೆ ಇರುತ್ತದೆ. ಆ ಚಿಪ್ಪಿನ ಡ್ರೈವರ್ ಇಲ್ಲದೆ ರೀಡರ್ ಇದೆಯೆಂಬುದೇ ವಿಂಡೋಸ್‌ಗೆ ಗೊತ್ತಾಗುವುದಿಲ್ಲ. ಸಾಧನ ಯಾವುದೆಂದು ಗುರುತಿಸುವ ಹಾರ್ಡ್‌ವೇರ್ ಐಡಿಯನ್ನು ಮೊದಲೇ ನೋಡಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತು. ಕೊನೆಗೆ ಅದನ್ನೇ ನೋಡಿ, ಲ್ಯಾಪ್‌ಟಾಪಿನ ತಳದಲ್ಲಿದ್ದ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು, ಆ ಮಾದರಿಗೇ ಮೀಸಲಾದ ಭದ್ರತಾ ಡ್ರೈವರನ್ನು ಇಳಿಸಿಕೊಂಡು ಹಾಕಿದರು. ಎಲ್ಲ ಡ್ರೈವರ್‌ಗಳನ್ನೂ ಹುಡುಕಿಕೊಡುತ್ತೇವೆ ಎನ್ನುವ ಉಚಿತ ತಂತ್ರಾಂಶಗಳನ್ನು ಅವರು ಬಳಸಲಿಲ್ಲ. ಸಹಿ ಮಾಡುವ ಯಂತ್ರದಲ್ಲಿ ಅವು ಇರಲೇಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ಮರುಚಾಲನೆಯ ನಂತರ ರೀಡರ್ ತನ್ನ ಸಾಲಿನಲ್ಲಿ ಕಾಣಿಸಿತು, ಕಾರ್ಡ್ ಓದಿತು.

ನಾನು ಹೊರಡಲು ಎದ್ದಾಗ ಅವರೇ ತಡೆದು, ಲ್ಯಾಪ್‌ಟಾಪನ್ನು ಮುಚ್ಚಿ ಐದು ನಿಮಿಷ ಬಿಟ್ಟು ತೆರೆದರು. ರೀಡರ್ ಮತ್ತೆ ಮಾಯವಾಗಿತ್ತು. ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಕೊಟ್ಟಿದ್ದರಿಂದ, ನಿದ್ರೆಯಿಂದ ಎದ್ದ ಮೇಲೆ ಅದು ಏಳುತ್ತಿರಲಿಲ್ಲ. ಆ ಗುರುತನ್ನು ತೆಗೆದ ಮೇಲೆ ಮೂರು ಬಾರಿ ಮುಚ್ಚಿ ತೆರೆದು ನೋಡಿದೆವು, ಸರಿಯಾಗಿತ್ತು. ಆ ಐದು ನಿಮಿಷ ಅವರು ಕಾಯದಿದ್ದರೆ ನಾನು ಮರುದಿನ ಮತ್ತೆ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಬರಬೇಕಾಗಿತ್ತು.

ತೆಗೆದುಕೊಂಡದ್ದು 600 ರೂಪಾಯಿ, ಹಿಡಿದದ್ದು ಒಂದೂವರೆ ಗಂಟೆ. ಕೊರತೆಗಳೂ ಇವೆ. ಬಿಲ್ಲನ್ನು ಎರಡು ಬಾರಿ ಕೇಳಿ ಪಡೆಯಬೇಕಾಯಿತು. ಕುಳಿತುಕೊಳ್ಳಲು ಒಂದೇ ಸ್ಟೂಲ್ ಇದೆ, ಮೊಣಕಾಲು ನೋವಿರುವವರಿಗೆ ಆ ಮೆಟ್ಟಿಲು ಕಷ್ಟ. ಗಿರಾಕಿಗಳ ಲ್ಯಾಪ್‌ಟಾಪ್‌ಗಳು ಹೆಸರಿನ ಚೀಟಿಯಿಲ್ಲದೆ ಕೌಂಟರ್ ಮೇಲೆ ಒಂದರ ಮೇಲೊಂದು ಇದ್ದವು. ಯಂತ್ರ ಬಿಟ್ಟು ಹೋಗುವುದಾದರೆ ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡೇ ಹೋಗಿ. ಭಾನುವಾರ ಈ ರಸ್ತೆಯ ಬಹುಪಾಲು ಮಳಿಗೆಗಳಂತೆ ಇದೂ ಮುಚ್ಚಿರುತ್ತದೆ.

ಹಾಕಿದ ಡ್ರೈವರಿನ ಕಡತವನ್ನು ಅವರು ನನ್ನ ಪೆನ್‌ಡ್ರೈವ್‌ಗೂ ನಕಲು ಮಾಡಿಕೊಟ್ಟಿದ್ದರು. ಟೆಂಡರನ್ನು ಗಡುವಿಗೆ ಒಂದು ದಿನ ಮೊದಲೇ ಸಲ್ಲಿಸಿದೆ. ತಿಂಗಳಾದ ಮೇಲೆ ವಿಂಡೋಸ್ ಅಪ್‌ಡೇಟ್ ಒಂದರ ಬೆನ್ನಿಗೇ ರೀಡರ್ ಮತ್ತೆ ಕಾಣದಾದಾಗ, ಅದೇ ಕಡತದಿಂದ ಡ್ರೈವರನ್ನು ಮನೆಯಲ್ಲೇ ಹಾಕಿಕೊಂಡೆ; ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.